ವಿಳಾಸ ಬೇಡ, ಹೆಸರು ಸಾಕು: ರಸ್ಟ್‌ಡಾಕ್‌ನ ಲಿಂಕುಗಳು ಸರಿಹೋದ ಬಗೆ

2019ರ ಮಳೆಗಾಲದ ಒಂದು ಮಧ್ಯಾಹ್ನ. ತಂಡಕ್ಕೆ ಸೇರಿ ಇನ್ನೂ ಎರಡು ವಾರವೂ ಆಗಿರದ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಹತ್ತಿರ ಬಂದರು. ಹಾಸನದ ಕಡೆಯವರು, ಮಾತು ಕಡಿಮೆ. "ಒಂದ್ನಿಮಿಷ ನೋಡ್ತೀರಾ? ಈ ಲಿಂಕ್ ಒತ್ತಿದ್ರೆ ಪುಟಾನೇ ಇಲ್ಲ ಅಂತ ಬರ್ತಿದೆ. ನಾನೇನಾದ್ರೂ ಸೆಟಪ್ ತಪ್ಪು ಮಾಡ್ಕೊಂಡಿದೀನಾ?"

ಅವರದೇನೂ ತಪ್ಪಿರಲಿಲ್ಲ. ವಿದ್ಯುತ್ ಮೀಟರುಗಳಿಂದ ಬರುವ ರೀಡಿಂಗುಗಳನ್ನು ಓದಿ ಪರಿಶೀಲಿಸುವ ಲೈಬ್ರರಿಯೊಂದನ್ನು ನಾವು ರಸ್ಟ್ ಭಾಷೆಯಲ್ಲಿ ಬರೆದಿದ್ದೆವು. ಅದರ ಡಾಕ್ಯುಮೆಂಟೇಶನ್ ಪುಟಗಳನ್ನು ರಸ್ಟ್ ಜೊತೆಗೇ ಬರುವ ರಸ್ಟ್‌ಡಾಕ್ ತಯಾರಿಸಿ ಕೊಡುತ್ತಿತ್ತು. ರೀಡಿಂಗ್ ಕೆಟ್ಟಿದ್ದರೆ ಯಾವ ಎರರ್ ಬರುತ್ತದೆ ಎಂದು ತಿಳಿಯಲು ಅವರು ಎರರ್‌ನ ಹೆಸರಿನ ಮೇಲೆ ಒತ್ತಿದ್ದರು, ಅಷ್ಟೇ. ಆ ಕಾಮೆಂಟ್ ಬರೆದವನು ನಾನು. ಬರೆದ ದಿನ ಒತ್ತಿ ನೋಡಿದ್ದೆ, ಸರಿಯಾಗಿ ತೆರೆದಿತ್ತು. ಅಲ್ಲಿಂದ ಈಚೆಗೆ ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಲಿಂಕ್ ಕೆಟ್ಟಿತ್ತು.

ನನ್ನನ್ನು ಕಾಡಿದ್ದು ಅವರ ಕೊನೆಯ ಪ್ರಶ್ನೆ. ಡಾಕ್ಯುಮೆಂಟೇಶನ್‌ನಲ್ಲಿ ಲಿಂಕ್ ತಪ್ಪಿದಾಗ ಹೊಸಬರು ಉಪಕರಣವನ್ನಾಗಲಿ ಬರೆದವರನ್ನಾಗಲಿ ಅನುಮಾನಿಸುವುದಿಲ್ಲ. ತಮ್ಮಿಂದಲೇ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಎರಡು ಸಲ ಹಾಗಾದರೆ ಮೂರನೆಯ ಸಲ ಡಾಕ್ಸ್ ತೆರೆಯುವುದನ್ನೇ ಬಿಡುತ್ತಾರೆ. ಯಾರೂ ಮುಟ್ಟದ ಸಾಲು ಕೆಡುವುದಾದರೂ ಹೇಗೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ರಸ್ಟ್‌ಡಾಕ್ ತಂಡ ಆಗ ಮೂರನೇ ವರ್ಷವೂ ಬಿಡಿಸುತ್ತಿದ್ದ ಒಂದು ಗಂಟು. ಈ ಬರಹ ಅದರ ಕುರಿತದ್ದು.

ಎರಡು ಕ್ರಾಸ್ ಹಿಂದೆ ಹೋಗಿ, ಎಡಕ್ಕೆ ತಿರುಗಿ

ರಸ್ಟ್‌ನಲ್ಲಿ ಮೂರು ಓರೆಗೆರೆ ಹಾಕಿ ಬರೆದ ಕಾಮೆಂಟ್ ಡಾಕ್ಯುಮೆಂಟೇಶನ್ ಆಗುತ್ತದೆ. ಬರೆಯುವುದು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಬರಹದಲ್ಲಿ. ರಸ್ಟ್‌ಡಾಕ್ ಅದನ್ನು ಎಚ್‌ಟಿಎಂಎಲ್ ಪುಟಗಳನ್ನಾಗಿ ಮಾಡುತ್ತದೆ. ಪ್ರತಿಯೊಂದು ಸ್ಟ್ರಕ್ಟ್‌ಗೆ, ಎನಮ್‌ಗೆ, ಟ್ರೇಟ್‌ಗೆ (ಇವು ರಸ್ಟ್ ಕೋಡ್ ಕಟ್ಟುವ ಬಗೆಬಗೆಯ ಘಟಕಗಳು) ಒಂದೊಂದು ಫೈಲು. ಪ್ರತಿ ಮಾಡ್ಯೂಲಿಗೆ ಒಂದು ಫೋಲ್ಡರು. ಫೈಲಿನ ಹೆಸರಿನಲ್ಲೇ ಅದು ಯಾವ ಬಗೆಯದು ಎಂಬುದೂ ಸೇರಿರುತ್ತದೆ. ಆಗೆಲ್ಲ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಕೊಡಬೇಕಾದರೆ ಕಾಮೆಂಟಿನ ತುದಿಯಲ್ಲಿ ಇಂಥದ್ದೊಂದು ಸಾಲು ಬರೆಯಬೇಕಿತ್ತು:

[`ವೆಕ್`]: ../../ಎಸ್‌ಟಿಡಿ/ವೆಕ್/ಸ್ಟ್ರಕ್ಟ್.ವೆಕ್.ಎಚ್‌ಟಿಎಂಎಲ್

ಈ ಒಂದು ಸಾಲಿನಲ್ಲಿ ಎಷ್ಟು ಸಂಗತಿಗಳು ಅಡಗಿವೆ ನೋಡಿ. ನಾನು ಈಗ ಎಷ್ಟು ಫೋಲ್ಡರ್ ಆಳದಲ್ಲಿ ನಿಂತಿದ್ದೇನೆ ಎಂಬುದು ಮೊದಲನೆಯದು. ಆ ಎರಡು ಜೊತೆ ಚುಕ್ಕಿಗಳು ಹೇಳುವುದು ಅದನ್ನೇ. ವೆಕ್ (ರಸ್ಟ್‌ನ ಬೆಳೆಯಬಲ್ಲ ಪಟ್ಟಿ) ಯಾವ ಕ್ರೇಟಿನ, ಅಂದರೆ ಯಾವ ಲೈಬ್ರರಿಯ, ಯಾವ ಮಾಡ್ಯೂಲಿನಲ್ಲಿದೆ ಎಂಬುದು ಇನ್ನೊಂದು. ಅದು ಸ್ಟ್ರಕ್ಟ್ ಹೌದು, ಎನಮ್ ಅಲ್ಲ ಎಂಬುದು ಮತ್ತೊಂದು. ಎಲ್ಲಕ್ಕಿಂತ ಮಿಗಿಲಾಗಿ, ರಸ್ಟ್‌ಡಾಕ್ ತನ್ನ ಫೈಲುಗಳಿಗೆ ಹೆಸರಿಡುವ ಕ್ರಮವನ್ನು ಲೈಬ್ರರಿ ಬರೆಯುವವರು ಬಾಯಿಪಾಠ ಮಾಡಿಕೊಂಡಿರಬೇಕು. ಇವುಗಳಲ್ಲಿ ಯಾವ ಒಂದು ಬದಲಾದರೂ ಲಿಂಕ್ ಸತ್ತುಹೋಗುತ್ತದೆ. ಸ್ಟ್ರಕ್ಟ್ ಒಂದನ್ನು ಎನಮ್ ಮಾಡಿದಿರಿ, ಅದನ್ನು ಹೆಸರಿಸಿದ ಕಾಮೆಂಟುಗಳ ಲಿಂಕುಗಳೆಲ್ಲ ಹೋದವು. ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಇದು ಬರೀ ಅಕ್ಷರಗಳ ಸಾಲು.

ಬೆಂಗಳೂರಿನಲ್ಲಿ ದಾರಿ ಹೇಳುವ ರೀತಿ ನೆನಪಿಸಿಕೊಳ್ಳಿ. ಮಲ್ಲೇಶ್ವರದಲ್ಲಿ ನಿಂತವರಿಗೆ "ಇಲ್ಲಿಂದ ಎರಡು ಕ್ರಾಸ್ ಹಿಂದೆ ಹೋಗಿ, ಎಡಕ್ಕೆ ತಿರುಗಿ" ಅಂದರೆ ಮನೆ ಸಿಗುತ್ತದೆ. ಅದೇ ಮಾತನ್ನು ಚೀಟಿಯಲ್ಲಿ ಬರೆದು ಜಯನಗರದಲ್ಲಿ ನಿಂತವರ ಕೈಗೆ ಕೊಟ್ಟರೆ ಅವರು ಇನ್ಯಾರದೋ ಮನೆಯ ಗೇಟು ತಟ್ಟುತ್ತಾರೆ. ಊರಿನಲ್ಲಾದರೆ ಹೆಸರು ಹೇಳಿದರೆ ಸಾಕು, ಅಂಗಡಿಯವರೇ ಮನೆ ತೋರಿಸುತ್ತಾರೆ. ರಸ್ಟ್‌ನಲ್ಲಿ ಎಲ್ಲ ಹೆಸರುಗಳ ಮನೆಯೂ ಗೊತ್ತಿರುವ ಅಂಥ ಅಂಗಡಿಯವರು ಇದ್ದಾರೆ. ಅದೇ ಕಂಪೈಲರ್. ಡಾಕ್ಯುಮೆಂಟೇಶನ್ ಬರೆಯುವಾಗ ಮಾತ್ರ ಅದನ್ನು ಯಾರೂ ಕೇಳುತ್ತಿರಲಿಲ್ಲ.

ನನಗೆ ಇದರಲ್ಲಿ ಹೆಚ್ಚು ನೋವಾಗುತ್ತಿದ್ದ ಅಂಶ ಬೇರೆ. ರಸ್ಟ್‌ನಲ್ಲಿ ಡಾಕ್ಯುಮೆಂಟೇಶನ್ ಒಳಗೆ ಬರೆದ ಉದಾಹರಣೆ ಕೋಡ್ ಟೆಸ್ಟ್ ಆಗಿ ಓಡುತ್ತದೆ. ಕಾರ್ಗೋ ಟೆಸ್ಟ್ ಎಂಬ ಆದೇಶ ಕೊಟ್ಟರೆ ಆ ಉದಾಹರಣೆಗಳೂ ಕಂಪೈಲ್ ಆಗಿ ನಡೆಯುತ್ತವೆ. ಕೋಡ್ ಬದಲಾಗಿ ಉದಾಹರಣೆ ಹಳತಾದರೆ ಟೆಸ್ಟ್ ಕೆಂಪಾಗುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಈ ಭಾಷೆಯನ್ನು ಮೆಚ್ಚಿಕೊಂಡವನು. ಒಂದೇ ಕಾಮೆಂಟಿನಲ್ಲಿ ಮೇಲಿನ ಉದಾಹರಣೆಗೆ ಇಷ್ಟು ಕಾವಲು, ಅದರ ಕೆಳಗಿನ ಲಿಂಕಿಗೆ ಕೇಳುವವರೇ ಇಲ್ಲ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಇಷ್ಟು ಭೇದ ಇರಬಾರದು.

ಬೇರೆ ಭಾಷೆಗಳಲ್ಲಿ ಇದಕ್ಕೆ ದಾರಿ ಆಗಲೇ ಇತ್ತು. ಜಾವಾದ ಜಾವಾಡಾಕ್‌ನಲ್ಲಿ ಹೆಸರಿನಿಂದಲೇ ಲಿಂಕ್ ಕೊಡುವ ಟ್ಯಾಗ್ 1998ರ 1.2 ಆವೃತ್ತಿಯಿಂದ ಇದೆ. ಪೈಥಾನಿನ ಡಾಕ್ಯುಮೆಂಟೇಶನ್‌ಗಾಗಿಯೇ ಹುಟ್ಟಿದ ಸ್ಫಿಂಕ್ಸ್‌ನಲ್ಲೂ ಕ್ಲಾಸ್, ಫಂಕ್ಷನ್ ಎಂದು ಬಗೆ ಹೇಳಿ ಹೆಸರು ಬರೆದರೆ ಅದೇ ಪುಟ ಹುಡುಕಿಕೊಳ್ಳುತ್ತದೆ. ಹೀಗಾಗಿ 2017ರಲ್ಲಿ ರಸ್ಟ್ ಸಮುದಾಯದ ಮುಂದೆ ಬಂದ ಆರ್‌ಎಫ್‌ಸಿ (ಎಲ್ಲರ ಚರ್ಚೆಗೆ ಇಡುವ ಪ್ರಸ್ತಾಪಪತ್ರ) 1946 ಹೊಸ ಕನಸೇನಲ್ಲ. ಚೌಕ ಕಂಸದ ಒಳಗೆ ವೆಕ್ ಎಂದು ಬರೆದರೆ ಸಾಕು, ವಿಳಾಸವನ್ನು ರಸ್ಟ್‌ಡಾಕ್ ಹುಡುಕಲಿ, ಸಿಗದಿದ್ದರೆ ಎಚ್ಚರಿಸಲಿ. ಪ್ರಸ್ತಾಪ ಇಷ್ಟೇ. ಆರ್‌ಎಫ್‌ಸಿ ಒಪ್ಪಿಗೆಯೂ ಆಯಿತು. ಅದು ಸ್ಟೇಬಲ್ ರಸ್ಟ್‌ಗೆ, ಅಂದರೆ ಎಲ್ಲರ ಬಳಕೆಗೆ ಬಿಡುವ ಸ್ಥಿರ ಆವೃತ್ತಿಗೆ, ಬಂದದ್ದು 2020ರ ನವೆಂಬರ್ 19ರಂದು, 1.48 ಆವೃತ್ತಿಯಲ್ಲಿ. ಮೂರೂವರೆ ವರ್ಷ ಏಕೆ ಹಿಡಿಯಿತು ಎಂಬುದರಲ್ಲೇ ಈ ಪ್ರಕರಣದ ತಿರುಳಿದೆ.

ಮಾರ್ಕ್‌ಡೌನ್ ಬದಲಾಗದೆ ಏನೂ ಆಗುವಂತಿರಲಿಲ್ಲ

ಮೊದಲ ಕೆಲಸ ಲಿಂಕಿನದೇ ಅಲ್ಲ. ಆಗ ರಸ್ಟ್‌ಡಾಕ್ ಮಾರ್ಕ್‌ಡೌನ್ ಓದಲು ಹೋಡೌನ್ ಎಂಬ, ಸಿ ಭಾಷೆಯಲ್ಲಿ ಬರೆದ ಲೈಬ್ರರಿಯನ್ನು ಬಳಸುತ್ತಿತ್ತು. ಅದು ಮಾರ್ಕ್‌ಡೌನ್ ಅನ್ನು ಹೇಗೆ ಓದಬೇಕೆಂದು ಖಚಿತವಾಗಿ ಹೇಳುವ ಕಾಮನ್‌ಮಾರ್ಕ್ ನಿಯಮಗಳನ್ನು ಪಾಲಿಸುತ್ತಿರಲಿಲ್ಲ. ಬದಲಿಗೆ ರಾಫ್ ಲೆವಿಯೆನ್ ರಸ್ಟ್‌ನಲ್ಲೇ ಬರೆದ ಪುಲ್‌ಡೌನ್-ಸಿಮಾರ್ಕ್ ಎಂಬ ಲೈಬ್ರರಿ ತರಬೇಕಿತ್ತು. ಅದನ್ನು ಒಮ್ಮೆಲೇ ಬದಲಿಸಿದರೆ ಲೋಕದ ಎಲ್ಲ ರಸ್ಟ್ ಕ್ರೇಟುಗಳ ಪುಟಗಳಲ್ಲೂ ಎಲ್ಲೋ ಪಟ್ಟಿ ಮುರಿಯುತ್ತದೆ, ಎಲ್ಲೋ ತಲೆಬರಹ ತಲೆಬರಹವಾಗಿ ಉಳಿಯುವುದಿಲ್ಲ. ಅದಕ್ಕಾಗಿ ತಂಡ ಆರಿಸಿಕೊಂಡ ದಾರಿ ನನಗೆ ಈಗಲೂ ಮಾದರಿ. 2018ರ ಜನವರಿಯಲ್ಲಿ ಬಂದ 1.23 ಆವೃತ್ತಿಯಲ್ಲಿ ಒಂದೇ ಕಾಮೆಂಟನ್ನು ಎರಡೂ ಲೈಬ್ರರಿಗಳಿಂದ ಓದಿಸಿ, ಹೊರಬಂದದ್ದರಲ್ಲಿ ವ್ಯತ್ಯಾಸ ಕಂಡರೆ ಬರೆದವರಿಗೆ ಎಚ್ಚರಿಕೆ ಕೊಟ್ಟರು. ಪುಟ ಮಾತ್ರ ಹಳೆಯದರಿಂದಲೇ. ಜನ ತಮ್ಮ ತಮ್ಮ ಕಾಮೆಂಟುಗಳನ್ನು ತಿದ್ದಿಕೊಳ್ಳಲು ಸಮಯ ಸಿಕ್ಕ ಮೇಲೆ ಹೋಡೌನ್ ಹೊರಹೋಯಿತು.

ಹೊಸ ಲೈಬ್ರರಿಯಿಂದ ಸಿಕ್ಕ ಸಣ್ಣ ಸೌಲಭ್ಯವೊಂದು ಮುಂದಿನ ಎಲ್ಲದಕ್ಕೂ ಬಾಗಿಲಾಯಿತು. ಮಾರ್ಕ್‌ಡೌನ್‌ನಲ್ಲಿ ಚೌಕ ಕಂಸದೊಳಗೆ ಒಂದು ಹೆಸರು ಬರೆದು ಅದರ ವಿಳಾಸವನ್ನು ಎಲ್ಲೂ ಕೊಡದಿದ್ದರೆ ಅದು ಮುರಿದ ಲಿಂಕ್. ಸಾಮಾನ್ಯವಾಗಿ ಹಾಗೆಯೇ ಅಕ್ಷರಗಳಾಗಿ ಉಳಿಯುತ್ತದೆ. ಪುಲ್‌ಡೌನ್-ಸಿಮಾರ್ಕ್ ಅಂಥ ಮುರಿದ ಲಿಂಕ್ ಸಿಕ್ಕಾಗಲೆಲ್ಲ, ತನ್ನನ್ನು ಕರೆದ ಪ್ರೋಗ್ರಾಮನ್ನು "ಇದಕ್ಕೆ ವಿಳಾಸ ನಿನಗೆ ಗೊತ್ತೇ?" ಎಂದು ಒಂದು ಕಾಲ್‌ಬ್ಯಾಕ್ ಮೂಲಕ ಕೇಳಬಲ್ಲದು. ರಸ್ಟ್‌ಡಾಕ್ ಆ ಹೆಸರನ್ನು ಕಂಪೈಲರಿನ ಹೆಸರು ಬಿಡಿಸುವ ಭಾಗಕ್ಕೆ ಕೊಟ್ಟು, ಬಂದ ಉತ್ತರದಿಂದ ವಿಳಾಸ ಕಟ್ಟುತ್ತದೆ. ಮಾರ್ಕ್‌ಡೌನ್‌ಗೆ ಹೊಸ ವ್ಯಾಕರಣ ಸೇರಿಸಬೇಕಾಗಲಿಲ್ಲ. ಬರೆಯುವವರು ಹೊಸ ಚಿಹ್ನೆ ಕಲಿಯಬೇಕಾಗಲಿಲ್ಲ. ಇಂಥ ಜಾಗದಲ್ಲಿ ಹೊಸ ಟ್ಯಾಗ್ ಒಂದನ್ನು ಹುಟ್ಟಿಸುವ ಆಸೆ ಎಂಥವರಿಗೂ ಬರುತ್ತದೆ, ಅದನ್ನು ಅವರು ತಡೆದದ್ದು ದೊಡ್ಡದು. ಗೋ ಭಾಷೆಯೂ 2022ರ ಆಗಸ್ಟ್‌ನ 1.19 ಆವೃತ್ತಿಯಲ್ಲಿ ಇದೇ ಚೌಕ ಕಂಸದ ದಾರಿ ಹಿಡಿಯಿತು.

ಆಮೇಲೆ ಹೆಸರುಗಳ ಜಗಳ. ರಸ್ಟ್‌ನಲ್ಲಿ ಹೆಸರುಗಳಿಗೆ ಮೂರು ಬೇರೆ ಬೇರೆ ಕೇರಿಗಳಿವೆ: ಟೈಪುಗಳದೊಂದು, ಫಂಕ್ಷನ್ ಮತ್ತು ಮೌಲ್ಯಗಳದೊಂದು, ಮ್ಯಾಕ್ರೊಗಳದೊಂದು. ಒಂದೇ ಹೆಸರು ಮೂರೂ ಕಡೆ ಇರಬಹುದು. ಪ್ರಮಾಣಿತ ಲೈಬ್ರರಿಯಲ್ಲೇ ವೆಕ್ ಎಂಬ ಮಾಡ್ಯೂಲೂ ಇದೆ, ಅದೇ ಹೆಸರಿನ ಮ್ಯಾಕ್ರೊವೂ ಇದೆ. ಚಾರ್ ಎಂಬ ಮೂಲ ಟೈಪೂ ಇದೆ, ಚಾರ್ ಎಂಬ ಮಾಡ್ಯೂಲೂ ಇದೆ. ಕೋಡ್‌ನಲ್ಲಾದರೆ ಬಳಸಿದ ಜಾಗದಿಂದಲೇ ಯಾವುದೆಂದು ಗೊತ್ತಾಗುತ್ತದೆ. ಕಾಮೆಂಟಿನ ವಾಕ್ಯದ ನಡುವೆ ಬಂದ ಹೆಸರಿಗೆ ಅಂಥ ಆಸರೆ ಇಲ್ಲ. ರಸ್ಟ್‌ಡಾಕ್ ಇಲ್ಲಿ ಊಹೆಗೆ ಹೋಗಲಿಲ್ಲ. ಗೊಂದಲವಿದ್ದರೆ ಎಚ್ಚರಿಸುತ್ತದೆ, ಮತ್ತು ಹೇಗೆ ಬರೆಯಬೇಕೆಂದು ಅಲ್ಲೇ ತೋರಿಸುತ್ತದೆ: ಮಾಡ್ಯೂಲ್ ಆದರೆ ಹೆಸರಿನ ಮುಂದೆ 'ಮಾಡ್@', ಮೂಲ ಟೈಪ್ ಆದರೆ 'ಪ್ರಿಮ್@', ಫಂಕ್ಷನ್ ಆದರೆ ಕೊನೆಗೆ ಖಾಲಿ ಕಂಸ, ಮ್ಯಾಕ್ರೊ ಆದರೆ ಆಶ್ಚರ್ಯಸೂಚಕ. ಕೊನೆಯ ಎರಡನ್ನು ಪ್ರೋಗ್ರಾಮರುಗಳು ಮೊದಲಿನಿಂದಲೂ ಮಾತಿನ ನಡುವೆ ಹಾಗೆಯೇ ಬರೆಯುತ್ತಿದ್ದರು. ಅವರ ಅಭ್ಯಾಸವನ್ನೇ ನಿಯಮವನ್ನಾಗಿ ಮಾಡಿಕೊಂಡರು.

ಲಿಂಕ್ ಅಲ್ಲದ ಚೌಕ ಕಂಸಗಳ ಕಾಟವೂ ಇತ್ತು. ವಾಕ್ಯದ ನಡುವೆ "ಅರೇ[ಐ]" ಎಂದು ಬರೆದವರು ಐ ಎಂಬುದಕ್ಕೆ ಲಿಂಕ್ ಕೇಳಿರಲಿಲ್ಲ. ಹೆಸರಿನಲ್ಲಿ ಬರಲಾರದ ಚಿಹ್ನೆಗಳಿದ್ದರೆ ರಸ್ಟ್‌ಡಾಕ್ ಸುಮ್ಮನೆ ಬಿಡುತ್ತದೆ. ಇಲ್ಲವಾದರೆ ಎಚ್ಚರಿಕೆಯ ಜೊತೆಗೆ, ಲಿಂಕ್ ಬೇಡವಾದರೆ ಕಂಸದ ಮುಂದೆ ಹಿಂದೋರೆ ಗೆರೆ ಹಾಕಿ ಎಂದು ಹೇಳುತ್ತದೆ.

ಬರೆದದ್ದು ಒಂದು ಕಡೆ, ಓದುವುದು ಇನ್ನೊಂದು ಕಡೆ

ವರ್ಷಗಳನ್ನು ನುಂಗಿದ್ದು ಇದು. ನಮ್ಮ ಹಾಸನದ ಸಹೋದ್ಯೋಗಿಗೆ ಸಿಕ್ಕಿದ್ದೂ ಇದೇ.

ನಮ್ಮ ಲೈಬ್ರರಿಯಲ್ಲಿ ಒಳಗಿನ ಕ್ರೇಟ್ ಒಂದಿತ್ತು, ಹೊರಗಿನವರು ಬಳಸಲೆಂದು ಮುಂಬಾಗಿಲಿನಂಥ ಕ್ರೇಟ್ ಇನ್ನೊಂದಿತ್ತು. ಒಳಗಿನ ಕ್ರೇಟಿನಲ್ಲಿ ಮೀಟರ್ ಎಂಬ ಮಾಡ್ಯೂಲಿನೊಳಗೆ ರೀಡಿಂಗ್ ಎಂಬ ಸ್ಟ್ರಕ್ಟ್. ಅದರ ಕಾಮೆಂಟಿನಲ್ಲಿ ಎರರ್ ಪುಟಕ್ಕೆ ನಾನು ಕೊಟ್ಟಿದ್ದ ಲಿಂಕ್ "ಒಂದು ಫೋಲ್ಡರ್ ಮೇಲೆ ಹೋಗಿ ಎರರ್ ಫೋಲ್ಡರಿಗೆ ಇಳಿ" ಎಂಬ ಅರ್ಥದ್ದು. ಆ ಜಾಗಕ್ಕೆ ಅದು ಸರಿ. ಆಮೇಲೊಂದು ದಿನ ಮುಂಬಾಗಿಲಿನ ಕ್ರೇಟಿನಲ್ಲಿ ಯಾರೋ ರೀಡಿಂಗನ್ನು ರೀ-ಎಕ್ಸ್‌ಪೋರ್ಟ್ ಮಾಡಿದರು, ಅಂದರೆ ಅಲ್ಲಿಂದಲೂ ಸಿಗುವಂತೆ ಮಾಡಿದರು, ನೇರ ಮೇಲಿನ ಹಂತದಲ್ಲೇ. ರೀ-ಎಕ್ಸ್‌ಪೋರ್ಟ್ ಆದ ಟೈಪಿನ ಇಡೀ ಪುಟವನ್ನು ರಸ್ಟ್‌ಡಾಕ್ ಹೊಸ ಜಾಗದಲ್ಲೂ ಇನ್ನೊಮ್ಮೆ ಬರೆಯುತ್ತದೆ. ಕಾಮೆಂಟೂ ಅಲ್ಲಿಗೆ ಹೋಯಿತು, ಅದರೊಳಗಿನ ಲಿಂಕೂ ಹೋಯಿತು. ಆದರೆ ಈಗ "ಒಂದು ಫೋಲ್ಡರ್ ಮೇಲೆ" ಅಂದರೆ ಕ್ರೇಟಿನಿಂದಲೇ ಹೊರಗೆ. ಅಲ್ಲಿ ಎರರ್ ಎಂಬ ಫೋಲ್ಡರೇ ಇಲ್ಲ. ಒಂದೇ ಕಾಮೆಂಟು, ಒಂದೇ ಲಿಂಕು, ಒಳಗಿನ ಕ್ರೇಟಿನ ಪುಟದಲ್ಲಿ ತೆರೆಯುತ್ತದೆ, ಮುಂಬಾಗಿಲಿನ ಪುಟದಲ್ಲಿ ತೆರೆಯುವುದಿಲ್ಲ. ನಾನು ಯಾವಾಗಲೂ ಒಳಗಿನದನ್ನು ನೋಡುತ್ತಿದ್ದೆ. ಹೊಸಬರು ಬರುವುದು ಮುಂಬಾಗಿಲಿನಿಂದ.

ರಸ್ಟ್‌ನ ಪ್ರಮಾಣಿತ ಲೈಬ್ರರಿಯೇ ಹೀಗೆ ಕಟ್ಟಿದ ಮನೆ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಕಡೆಯೂ ಓಡಬೇಕಾದ ಭಾಗಗಳೆಲ್ಲ ಕೋರ್ ಎಂಬ ಕ್ರೇಟಿನಲ್ಲಿ, ಮೆಮೊರಿ ಬೇಡುವ ವೆಕ್, ಸ್ಟ್ರಿಂಗ್ ಮುಂತಾದವು ಅಲಾಕ್ ಎಂಬುದರಲ್ಲಿ. ಎಸ್‌ಟಿಡಿ ಇವೆರಡನ್ನೂ ತನ್ನ ಮೂಲಕ ಹೊರಗೆ ಕಾಣಿಸುತ್ತದೆ. ನಾವು ದಿನವೂ ಓದುವ ಆಪ್ಷನ್‌ನ ಪುಟ ಎಸ್‌ಟಿಡಿಯದು, ಆದರೆ ಕಾಮೆಂಟ್ ಇರುವುದು ಕೋರ್‌ನಲ್ಲಿ.

ವಿಳಾಸದ ಬದಲು ಹೆಸರು ಬರೆದುಬಿಟ್ಟರೆ ಈ ತೊಂದರೆ ತಾನೇ ಹೋಗುತ್ತದೆ ಎಂದು ಅನಿಸಬಹುದು. ಹೋಗಲಿಲ್ಲ, ಬೇರೆ ವೇಷದಲ್ಲಿ ಬಂತು. ಹೆಸರೂ ಜಾಗವನ್ನೇ ನಂಬಿದೆಯಲ್ಲ! ಮೀಟರ್ ಮಾಡ್ಯೂಲಿನಲ್ಲಿ ರೀಡ್‌ಎರರ್ (ನಮ್ಮ ಆ ಎರರ್‌ನ ಹೆಸರು) ಎಂದರೆ ಯಾವುದೆಂದು ಅಲ್ಲಿನ ಇಂಪೋರ್ಟುಗಳು ಹೇಳುತ್ತವೆ. ಮುಂಬಾಗಿಲಿನ ಕ್ರೇಟಿನಲ್ಲಿ ಆ ಹೆಸರೇ ಇಲ್ಲದಿರಬಹುದು. ಅದಕ್ಕಿಂತ ಕೆಟ್ಟದ್ದು, ಅಲ್ಲಿ ಅದೇ ಹೆಸರಿನ ಬೇರೆಯೇ ಟೈಪ್ ಇರಬಹುದು. ಆಗ ಲಿಂಕ್ ಮುರಿಯುವುದಿಲ್ಲ, ತಪ್ಪು ಪುಟವನ್ನು ಧೈರ್ಯವಾಗಿ ತೆರೆಯುತ್ತದೆ. ಮೊದಲ ಅನುಷ್ಠಾನ ನೈಟ್ಲಿಗೆ, ಅಂದರೆ ದಿನವೂ ಹೊರಬರುವ ಪ್ರಯೋಗದ ಆವೃತ್ತಿಗೆ, ಬಂದಾಗ ಬೇರೆ ಕ್ರೇಟಿನಿಂದ ರೀ-ಎಕ್ಸ್‌ಪೋರ್ಟ್ ಆದ ಕಾಮೆಂಟುಗಳಲ್ಲಿ ಹೆಸರು ಬಿಡಿಸುತ್ತಿದ್ದದ್ದು ಓದುವ ಜಾಗದಿಂದ. ಬಿಡಿಸಬೇಕಾದದ್ದು ಬರೆದ ಜಾಗದಿಂದ.

ಒಂದು ವಾಕ್ಯದಲ್ಲಿ ಹೇಳಿಬಿಡಬಹುದಾದ ಈ ತಿದ್ದುಪಡಿ ಕಂಪೈಲರಿನ ಒಳಗೆ ಸುಲಭವಿರಲಿಲ್ಲ. ಕಂಪೈಲರಿನಲ್ಲಿ ಹೆಸರು ಬಿಡಿಸುವ ಭಾಗ ತನ್ನ ಕೆಲಸ ಮುಗಿಸಿ ಮೊದಲೇ ಎದ್ದುಹೋಗುವಂಥದ್ದು. ರಸ್ಟ್‌ಡಾಕ್ ಬರುವುದು ಬಹಳ ತಡವಾಗಿ. ರಸ್ಟ್‌ಡಾಕ್‌ಗಾಗಿ ಅದನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳಬೇಕಾಯಿತು. ಮೇಲಾಗಿ ಅದು ಕೇಳುತ್ತಿದ್ದ ಗುರುತು ಈಗ ಕಂಪೈಲ್ ಆಗುತ್ತಿರುವ ಕ್ರೇಟಿನೊಳಗಿನ ಜಾಗಗಳಿಗೆ ಮಾತ್ರ ಇರುವಂಥದ್ದು. ಆಗಲೇ ಕಂಪೈಲ್ ಆಗಿ ಮೆಟಾಡೇಟಾ ಮಾತ್ರ ಉಳಿದಿರುವ ಇನ್ನೊಂದು ಕ್ರೇಟಿನ ಮಾಡ್ಯೂಲಿನಲ್ಲಿ ನಿಂತು ಹೆಸರು ಬಿಡಿಸು ಎಂದು ಅದಕ್ಕೆ ಹೇಳುವ ಬಗೆಯೇ ಇರಲಿಲ್ಲ. 2020ರಲ್ಲಿ ಆ ಭಾಗವನ್ನು ಎಲ್ಲ ಕ್ರೇಟುಗಳಿಗೂ ಸಲ್ಲುವ ಗುರುತನ್ನು ತೆಗೆದುಕೊಳ್ಳುವಂತೆ ಬದಲಿಸಿದರು. ಅದಾದ ಮೇಲೆ ಕಾಮೆಂಟ್ ಎಲ್ಲಿಗೇ ಹೋಗಲಿ, ಅದರ ಹೆಸರುಗಳಿಗೆ ಅರ್ಥ ಸಿಗುವುದು ಹುಟ್ಟಿದ ಊರಿನಲ್ಲಿ.

ಇದರಲ್ಲೂ ಒಂದು ಸೂಕ್ಷ್ಮ ಇದೆ, ನನಗೆ ತುಂಬ ಇಷ್ಟವಾದದ್ದು. ರೀ-ಎಕ್ಸ್‌ಪೋರ್ಟ್ ಮಾಡುವ ಸಾಲಿನ ಮೇಲೂ ಕಾಮೆಂಟ್ ಬರೆಯಬಹುದು. ಆಗ ರಸ್ಟ್‌ಡಾಕ್ ಆ ಕಾಮೆಂಟನ್ನೂ ಮೂಲ ಕಾಮೆಂಟನ್ನೂ ಜೋಡಿಸಿ ಒಂದೇ ಪುಟದಲ್ಲಿ ತೋರಿಸುತ್ತದೆ. ಓದುವವರಿಗೆ ಅದು ಒಂದೇ ಬರಹ. ಆದರೆ ಮೊದಲ ಪ್ಯಾರಾದ ರೀಡ್‌ಎರರ್ ಒಂದು ಮಾಡ್ಯೂಲಿನದು, ಎರಡನೇ ಪ್ಯಾರಾದ್ದು ಇನ್ನೊಂದರದು ಆಗಿರಬಹುದು. ಅದಕ್ಕೆಂದೇ ರಸ್ಟ್‌ಡಾಕ್ ಕಾಮೆಂಟಿನ ಪ್ರತಿಯೊಂದು ತುಣುಕೂ ಯಾವ ಮಾಡ್ಯೂಲಿನಿಂದ ಬಂತೆಂದು ಗುರುತಿಟ್ಟುಕೊಂಡು, ತುಣುಕಿಗೆ ತಕ್ಕ ಜಾಗದಲ್ಲಿ ನಿಂತು ಹೆಸರು ಬಿಡಿಸುತ್ತದೆ. ಓದುಗರಿಗೆ ಇದೊಂದೂ ಕಾಣಿಸುವುದಿಲ್ಲ, ಕಾಣಿಸಬೇಕಾಗಿಯೂ ಇಲ್ಲ.

ನೈಟ್ಲಿಯ ಆಕರ್ಷಣೆ

ಸ್ಟೇಬಲ್ ಆಗುವ ಮೊದಲೇ ಜನ ಇದನ್ನು ಬಳಸತೊಡಗಿದ್ದರು. ಅದಕ್ಕೆ ಕಾರಣ ಡಾಕ್ಸ್ ಡಾಟ್ ಆರ್‌ಎಸ್ ಎಂಬ ಜಾಲತಾಣ. ಕ್ರೇಟ್ಸ್ ಡಾಟ್ ಐಒದಲ್ಲಿ ಪ್ರಕಟವಾಗುವ ಕ್ರೇಟುಗಳ ಡಾಕ್ಯುಮೆಂಟೇಶನ್ ತಾನಾಗಿಯೇ ಅಲ್ಲಿ ತಯಾರಾಗುತ್ತದೆ, ಅದೂ ನೈಟ್ಲಿ ಕಂಪೈಲರಿನಿಂದ. ಹಾಗಾಗಿ ಕ್ರೇಟ್ ಬರೆದವರು ಹೆಸರಿನ ಲಿಂಕ್ ಹಾಕಿ ಪ್ರಕಟಿಸಿದರೆ ಅಲ್ಲಿ ಅಂದವಾಗಿ ಕಾಣುತ್ತಿತ್ತು. ಅದೇ ಕ್ರೇಟಿನ ಡಾಕ್ಸನ್ನು ನಮ್ಮ ಕಂಪ್ಯೂಟರಿನಲ್ಲಿ ಸ್ಟೇಬಲ್ ಕಂಪೈಲರಿನಿಂದ ಮಾಡಿಕೊಂಡರೆ ಚೌಕ ಕಂಸಗಳು ಹಾಗೇ ಬೋಳಾಗಿ ನಿಲ್ಲುತ್ತಿದ್ದವು. ನಾವೂ ಮನಸ್ಸು ಮಾಡಿದ್ದೆವು, ಆಮೇಲೆ ಬಿಟ್ಟೆವು: ನಮ್ಮ ಲೈಬ್ರರಿ ಹೊರಗೆ ಪ್ರಕಟವಾಗುವಂಥದ್ದಲ್ಲ, ಡಾಕ್ಸ್ ಆಗಬೇಕಾದದ್ದು ನಮ್ಮದೇ ಸರ್ವರಿನಲ್ಲಿ, ಸ್ಟೇಬಲ್‌ನಲ್ಲಿ.

ಬಳಕೆ ಹೀಗೆ ಹರಡಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಲೋಪಗಳು ನಿಜವಾದ ಕ್ರೇಟುಗಳಿಂದ ಬಂದವು. ಮೊದಲಿನಿಂದ ಇದರಲ್ಲಿ ತೊಡಗಿದ್ದವರಲ್ಲಿ ಒಬ್ಬರಾದ ಮನೀಷ್ ಗೋರೆಗಾಂವ್ಕರ್ ಮತ್ತು ಅವರ ಸಂಗಡಿಗರು 2020ರ ಸೆಪ್ಟೆಂಬರ್‌ನಲ್ಲಿ, ಸ್ಟೇಬಲ್ ಮಾಡಲು ಹೊರಟಿದ್ದೇವೆ, ಬಳಸಿ ನೋಡಿ ತಪ್ಪಿದ್ದರೆ ಹೇಳಿ ಎಂದು ಎಲ್ಲರನ್ನೂ ಕೇಳಿಕೊಂಡರು.

ಅದೇ ವರ್ಷ ಪ್ರಮಾಣಿತ ಲೈಬ್ರರಿಯ ಲಿಂಕುಗಳನ್ನೂ ಹೊಸ ರೀತಿಗೆ ತಿರುಗಿಸುವ ಕೆಲಸ ನಡೆಯಿತು. ಕೋರ್, ಅಲಾಕ್, ಎಸ್‌ಟಿಡಿಗಳ ಫೈಲುಗಳನ್ನು ಸ್ವಯಂಸೇವಕರು ಹಂಚಿಕೊಂಡರು. ಕಾಮೆಂಟುಗಳ ಅಡಿಯಲ್ಲಿ ಸಾಲುಗಟ್ಟಿ ನಿಂತಿದ್ದ ಚುಕ್ಕಿ-ಚುಕ್ಕಿ-ಓರೆಗೆರೆ ಸಾಲುಗಳನ್ನು ಅಳಿಸುತ್ತಾ ಹೋಗುವುದೇ ಕೆಲಸ. ಕಂಪೈಲರಿನ ಆಳ ತಿಳಿಯದವರೂ ಮಾಡಬಹುದಾದದ್ದು, ಮಾಡಿದ ಕೂಡಲೇ ಫಲ ಕಾಣುವಂಥದ್ದು. ಉಪಕರಣ ಮಾಡಿದವರು ತಮ್ಮ ಮನೆಯ ಅಡುಗೆಯನ್ನು ತಾವೇ ಮೊದಲು ಉಂಡು ನೋಡಿದ್ದರಿಂದ ಎಚ್ಚರಿಕೆಗಳ ಮಾತೂ ತಿದ್ದಿಕೊಂಡಿತು.

1.48ರಲ್ಲಿ ಇದರ ಜೊತೆಗೇ ಹುಡುಕಾಟದ ಅಡ್ಡಹೆಸರುಗಳೂ ಬಂದವು. ಸಿ ಭಾಷೆಯಿಂದ ಬಂದವರು ಹುಡುಕುವ ಪೆಟ್ಟಿಗೆಯಲ್ಲಿ 'ಮೆಮ್‌ಸಿಪಿವೈ' ಎಂದು ಬಡಿದರೆ ರಸ್ಟ್‌ನಲ್ಲಿ ಆ ಕೆಲಸ ಮಾಡುವ ಫಂಕ್ಷನ್ ಸಿಗುತ್ತದೆ. ಓದುವವರು ತಮಗೆ ಗೊತ್ತಿರುವ ಹೆಸರಿನಿಂದಲೇ ಒಳಗೆ ಬರಲಿ ಎಂಬ ಅಕ್ಕರೆ ಎರಡರಲ್ಲೂ ಒಂದೇ.

ನಮ್ಮ ಕ್ರೇಟಿನಲ್ಲಿ ಕಂಡದ್ದು

1.48 ಬಂದ ಮೇಲಿನ ವಾರ ನಾವು ಕಂಪೈಲರ್ ಏರಿಸಿದೆವು. ಲಿಂಕುಗಳನ್ನು ತಿರುಗಿಸುವ ಕೆಲಸವನ್ನು ಅದೇ ಸಹೋದ್ಯೋಗಿ ಕೇಳಿ ಪಡೆದರು. ಅಷ್ಟು ಹೊತ್ತಿಗೆ ಲೈಬ್ರರಿಯ ಅರ್ಧ ಅವರ ಕೈಯದೇ ಆಗಿತ್ತು. ಎರಡು ದಿನದ ಮೇಲೆ ಅವರು ತೋರಿಸಿದ ಬದಲಾವಣೆಯಲ್ಲಿ ಸೇರಿಸಿದ ಸಾಲುಗಳು ಬೆರಳೆಣಿಕೆಯಷ್ಟು, ಅಳಿಸಿದ್ದು ಪರದೆಯಿಂದ ಪರದೆಗೆ ಕೆಂಪು.

ನಾವು ಎಣಿಸದೇ ಇದ್ದ ಫಲ ಎಚ್ಚರಿಕೆಗಳಿಂದ ಬಂತು. ಒಂದು ಕಾಮೆಂಟಿನಲ್ಲಿ, ರೀಡಿಂಗನ್ನು ಸೇರಿಸುವ ಮೊದಲು ಪರಿಶೀಲಿಸುವ ಫಂಕ್ಷನ್ ಒಂದನ್ನು ಕರೆಯಬೇಕು ಎಂದು ನಾವು ಬರೆದಿದ್ದೆವು. ಅದರ ಹೆಸರಿಗೆ ಚೌಕ ಕಂಸ ಹಾಕಿದ ಕೂಡಲೇ ರಸ್ಟ್‌ಡಾಕ್ ಅಂಥ ಹೆಸರೇ ಇಲ್ಲ ಎಂದಿತು. ಹುಡುಕಿದರೆ, ಪರಿಶೀಲನೆ ಯಾವಾಗಲೋ ಸೇರಿಸುವ ಫಂಕ್ಷನ್ನಿನ ಒಳಗೇ ಹೋಗಿ, ಹಳೆಯದನ್ನು ತೆಗೆದುಹಾಕಿದ್ದರು. ಕೆಟ್ಟದ್ದು ಲಿಂಕ್ ಒಂದೇ ಅಲ್ಲ, ವಾಕ್ಯವೇ ಸುಳ್ಳಾಗಿತ್ತು. ಇಲ್ಲದ ಫಂಕ್ಷನ್ನನ್ನು ಕರೆಯಿರಿ ಎಂದು ಅಷ್ಟು ದಿನ ಓದುವವರಿಗೆ ಹೇಳುತ್ತಾ ಬಂದಿದ್ದೆವು. "ಲಿಂಕ್ ಸರಿ ಮಾಡೋದಲ್ಲ, ಈ ಪ್ಯಾರಾನೇ ತೆಗೀಬೇಕು ಅಲ್ವಾ?" ಎಂದು ಅವರು ಕೇಳಿದರು. ತೆಗೆದೆವು. ಹಾಗೆ ಸುಳ್ಳಾಗಿದ್ದ ವಾಕ್ಯಗಳು ಇನ್ನೂ ಕೆಲವು ಸಿಕ್ಕವು, ಎಲ್ಲವೂ ಎಚ್ಚರಿಕೆಗಳ ಬಾಲ ಹಿಡಿದು ಹೋದಾಗ. ಉದಾಹರಣೆ ಕೋಡ್‌ಗೆ ಟೆಸ್ಟ್ ಮಾಡುತ್ತಿದ್ದ ಕಾವಲನ್ನು ಈಗ ವಾಕ್ಯಗಳಿಗೆ ಲಿಂಕುಗಳು ಮಾಡುತ್ತಿವೆ, ಪೂರ್ತಿ ಅಲ್ಲದಿದ್ದರೂ ಹೆಸರು ಬಂದ ಕಡೆಗಳಲ್ಲಿ. ಅಂದಿನಿಂದ ನಮ್ಮ ಬಿಲ್ಡ್‌ನಲ್ಲಿ ಡಾಕ್ಸ್ ತಯಾರಿಸುವ ಹಂತವನ್ನೂ ಸೇರಿಸಿದ್ದೇವೆ. ರಸ್ಟ್‌ಡಾಕ್ ಒಂದೇ ಒಂದು ಎಚ್ಚರಿಕೆ ಕೊಟ್ಟರೂ ಬಿಲ್ಡ್ ನಿಲ್ಲುತ್ತದೆ. ಟೈಪಿನ ಹೆಸರು ಬದಲಿಸಿದವರೇ ಅದನ್ನು ಹೇಳುವ ವಾಕ್ಯವನ್ನೂ ಅದೇ ದಿನ ಓದುವಂತಾಗಿದೆ.

ತೊಡಕುಗಳೂ ಉಳಿದಿವೆ. ಹೆಸರು ಆ ಮಾಡ್ಯೂಲಿಗೆ ಇಂಪೋರ್ಟ್ ಆಗಿರದಿದ್ದರೆ ಪೂರ್ತಿ ಪಾಥ್ ಬರೆಯಬೇಕು. ಬರೀ ಲಿಂಕಿಗಾಗಿ ಇಂಪೋರ್ಟ್ ಮಾಡಿದರೆ, ಬಳಸದ ಇಂಪೋರ್ಟ್ ಎಂದು ಕಂಪೈಲರ್ ಆಕ್ಷೇಪಿಸುತ್ತದೆ. ಎಲ್ಲರಿಗೂ ಕಾಣುವ ಕಾಮೆಂಟಿನಿಂದ ಖಾಸಗಿ ಟೈಪಿಗೆ ಲಿಂಕ್ ಕೊಟ್ಟರೂ ಎಚ್ಚರಿಕೆ ಬರುತ್ತದೆ. ಅದು ಸರಿಯೇ, ಏಕೆಂದರೆ ಹೊರಗಿನವರಿಗೆ ಆ ಪುಟವೇ ಇರುವುದಿಲ್ಲ.

ಕ್ರೇಟನ್ನು ಪರಿಚಯಿಸುವ ರೀಡ್‌ಮಿ ಫೈಲಿನದು ಇನ್ನೂ ಬಿಡಿಸಿಲ್ಲದ ಗಂಟು. 2021ರ ಜುಲೈನ 1.54ರಿಂದ ರೀಡ್‌ಮಿ ಫೈಲನ್ನೇ ಕ್ರೇಟಿನ ಮೊದಲ ಪುಟದ ಡಾಕ್ಯುಮೆಂಟೇಶನ್ ಆಗಿ ಎಳೆದುಕೊಳ್ಳಬಹುದು. ಒಂದೇ ಬರಹವನ್ನು ಎರಡು ಕಡೆ ಕಾಯುವ ಕಷ್ಟ ತಪ್ಪಿತು. ಆದರೆ ಅದರಲ್ಲಿ ಹೆಸರಿನ ಲಿಂಕ್ ಹಾಕಿದರೆ ರಸ್ಟ್‌ಡಾಕ್ ಪುಟದಲ್ಲಿ ಮಾತ್ರ ಅದು ತೆರೆಯುತ್ತದೆ. ಅದೇ ಫೈಲನ್ನು ಗಿಟ್‌ಹಬ್‌ನಂಥ ಕಡೆ ಓದುವವರಿಗೆ ಬೋಳು ಕಂಸ. ಅಲ್ಲಿ ಕಂಪೈಲರ್ ಇಲ್ಲವಲ್ಲ. ನಾವು ಸದ್ಯಕ್ಕೆ ರೀಡ್‌ಮಿಯಲ್ಲಿ ಲಿಂಕೇ ಹಾಕುವುದಿಲ್ಲ, ಹೆಸರನ್ನು ಕೋಡ್ ಅಕ್ಷರದಲ್ಲಿ ಬರೆದು ಬಿಡುತ್ತೇವೆ.

ಹಾಗೆಯೇ ಕೋರ್ ಕ್ರೇಟಿನ ಕೆಲವು ಕಾಮೆಂಟುಗಳಲ್ಲಿ ಆ ಹಳೆಯ ಸಾಲುಗಳು ಈಗಲೂ ಕಾಣಿಸುತ್ತವೆ. ಕೋರ್‌ಗೆ ಅಲಾಕ್ ಆಗಲಿ ಎಸ್‌ಟಿಡಿ ಆಗಲಿ ಗೊತ್ತಿಲ್ಲ, ಗೊತ್ತಿರಲೂಬಾರದು, ಅದು ಅವುಗಳ ಕೆಳಗಿನ ಅಡಿಪಾಯ. ಅಲ್ಲಿ ನಿಂತು ವೆಕ್ ಎಂದು ಹೆಸರು ಹಿಡಿದು ಕರೆದರೆ ಕಂಪೈಲರ್‌ಗೆ ಉತ್ತರವಿಲ್ಲ. ಆದರೆ ವಾಕ್ಯಕ್ಕೆ ವೆಕ್ ಬೇಕು, ಓದುವವರಿಗೂ ಬೇಕು. ಹಾಗಾಗಿ ಎರಡು ಫೋಲ್ಡರ್ ಮೇಲೆ, ಎಸ್‌ಟಿಡಿ, ವೆಕ್ ಎಂದು ಕೈಯಿಂದಲೇ ಬರೆದ ವಿಳಾಸ ಅಲ್ಲಿ ಉಳಿದಿದೆ. ಅವನ್ನು ಕಾಯಲು ರಸ್ಟ್ ತಂಡ, ತಯಾರಾದ ಪುಟಗಳ ಲಿಂಕುಗಳನ್ನು ಒಂದೊಂದಾಗಿ ಹಿಡಿದು ಆ ಕಡೆ ಪುಟ ಇದೆಯೇ ಎಂದು ನೋಡಿ ಬರುವ ಲಿಂಕ್‌ಚೆಕರ್ ಎಂಬ ಬೇರೆಯೇ ಪ್ರೋಗ್ರಾಮನ್ನು ಇಟ್ಟುಕೊಂಡಿದೆ.